ಕುದುರೆಮುಖ: ಮನೆಗಳಿವೆ, ಅಂಗಡಿ ಬರುವುದಿಲ್ಲ

ಕಾರ್ಕಳದಿಂದ ಬಜಗೋಳಿ, ಮಾಳ ದಾಟಿ ಘಾಟಿ ಹತ್ತಿ ಕಳಸದ ಕಡೆಗೆ ಹೊರಟರೆ ದಟ್ಟ ಕಾಡಿನ ನಡುವೆ ಇದ್ದಕ್ಕಿದ್ದಂತೆ ಒಂದು ಪಟ್ಟಣ ಎದುರಾಗುತ್ತದೆ. ಸಾಲು ಮನೆಗಳು, ಅಗಲವಾದ ರಸ್ತೆ, ಬೀದಿದೀಪದ ಕಂಬ, ಆಟದ ಮೈದಾನ. ಹೆಚ್ಚಿನ ಮನೆಗಳ ಬಾಗಿಲು ಮುಚ್ಚಿದೆ, ಗೋಡೆಗೆ ಪಾಚಿ ಹತ್ತಿದೆ. ಇದು ಕಬ್ಬಿಣದ ಅದಿರಿನ ಗಣಿಯವರಿಗೆಂದು ಕಟ್ಟಿದ ಕುದುರೆಮುಖ ಟೌನ್‌ಶಿಪ್. ಚಹಾ, ತಿಂಡಿ, ನೀರಿನ ಬಾಟಲಿ ಬಿಟ್ಟರೆ ಇಲ್ಲಿ ಕೊಳ್ಳಲು ಸಿಗುವುದು ಕಡಿಮೆ. ಬೇಕಾದ ಸಾಮಾನಿಗೆ ಸುಮಾರು 20 ಕಿ.ಮೀ. ದೂರದ ಕಳಸಕ್ಕೋ, ಐವತ್ತರ ಆಸುಪಾಸಿನ ಕಾರ್ಕಳಕ್ಕೋ ಹೋಗಬೇಕು.

ಕಾರಣ ಕೇಳಿದರೆ ಎಲ್ಲರ ಉತ್ತರವೂ ಒಂದೇ: ಗಣಿ ನಿಂತಿತು, ಜನ ಹೋದರು, ಅಂಗಡಿ ಮುಚ್ಚಿತು. ಮಾತು ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಂತಿದೆ. ಗಣಿ ನಿಂತದ್ದು 2005ರ ಕೊನೆಗೆ. ಈ ನಡುವೆ ಇದೇ ಬೆಟ್ಟದ ಇನ್ನೊಂದು ಮಗ್ಗುಲಿನ ಸಂಸೆ, ಬಲಿಗೆಯ ಕಡೆ ಹೋಂಸ್ಟೇಗಳು ಎದ್ದಿವೆ, ಜೀಪಿನವರಿಗೆ ಕೆಲಸ ಸಿಕ್ಕಿದೆ, ವಾರಾಂತ್ಯಕ್ಕೆ ಬೆಂಗಳೂರಿನ ಕಾರುಗಳು ತುಂಬುತ್ತವೆ. ಸಿದ್ಧ ಕಟ್ಟಡ, ರಸ್ತೆ ಎಲ್ಲ ಇರುವ ಟೌನ್‌ಶಿಪ್ಪಿಗೆ ಮಾತ್ರ ಯಾವ ವ್ಯಾಪಾರಿಯೂ ಬರಲಿಲ್ಲ. ಮುಚ್ಚಿದ್ದಕ್ಕೆ ಒಂದು ಕಾರಣವಾದರೆ ಮತ್ತೆ ಬಾರದಿರುವುದಕ್ಕೆ ಬೇರೆಯೇ ಕಾರಣವಿದೆ. ಎರಡನ್ನೂ ಬಿಡಿಸಿ ನೋಡುವುದು ಈ ಅಧ್ಯಯನದ ಕೆಲಸ.

ಊರು ಹುಟ್ಟಿದ್ದು ಹೇಗೆ

ಇಲ್ಲಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ಇರುವುದನ್ನು ಭೂವಿಜ್ಞಾನಿ ಪಿ. ಸಂಪತ್ ಅಯ್ಯಂಗಾರ್ 1913ರಲ್ಲೇ ಗುರುತಿಸಿದ್ದರು. ಗುತ್ತಿಗೆ ಆದದ್ದು 1969ರಲ್ಲಿ: ಮೂವತ್ತು ವರ್ಷಕ್ಕೆ, 4,604 ಹೆಕ್ಟೇರ್‌ಗೂ ಮೀರಿದ ಜಾಗ. 1975ರಲ್ಲಿ ಇರಾನಿನ ಶಾ ಸರ್ಕಾರ 63 ಕೋಟಿ ಡಾಲರ್ ಸಾಲ ಕೊಡುವ, ಅದಿರು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಗಣಿ ಸಿದ್ಧವಾಗುವ ಹೊತ್ತಿಗೆ ಇರಾನಿನಲ್ಲಿ ಕ್ರಾಂತಿಯಾಗಿ ಶಾ ಹೋದ, ಕೊಳ್ಳುವವನೂ ಹೋದ. ಕಂಪನಿ ಬೇರೆ ಗಿರಾಕಿಗಳನ್ನು ಹುಡುಕಿಕೊಂಡು ಉಳಿಯಿತು. ಇಡೀ ಊರು ಒಬ್ಬ ಕೊಳ್ಳುವವನನ್ನು ನಂಬಿ ಕಟ್ಟಿದ್ದೆಂಬುದು ಅಲ್ಲಿಂದಲೇ ಗೊತ್ತಾಗಬೇಕಿತ್ತು.

ವರ್ಷಕ್ಕೆ 75 ಲಕ್ಷ ಟನ್ ಸಂಸ್ಕರಿಸಿದ ಅದಿರು ತೆಗೆಯುವ ಸಾಮರ್ಥ್ಯದ ಗಣಿ. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಸುತ್ತಿದ್ದರು. ಈ ಕೊಳವೆ ವ್ಯಾಪಾರದ ದೃಷ್ಟಿಯಿಂದಲೂ ಮುಖ್ಯ. ಬಳ್ಳಾರಿ, ಸಂಡೂರಿನ ಹಾಗೆ ಅದಿರು ಲಾರಿಯಲ್ಲಿ ಹೋಗಿದ್ದರೆ ದಾರಿಯುದ್ದಕ್ಕೂ ಡಾಬಾ, ಟಯರ್ ಪಂಕ್ಚರ್ ಅಂಗಡಿ, ಗ್ಯಾರೇಜು, ಡೀಸೆಲ್ ಬಂಕು ಹುಟ್ಟುತ್ತಿದ್ದವು. ಕೊಳವೆಗೆ ಹಸಿವಿಲ್ಲ, ಅದು ಪಂಕ್ಚರ್ ಆಗುವುದಿಲ್ಲ. ಕಾಡಿಗೆ ಒಳ್ಳೆಯದಾಯಿತು, ಆದರೆ ಗಣಿಯ ಹಣ ರಸ್ತೆಯ ಮೇಲೆ ಹರಡಲೇ ಇಲ್ಲ. ಅದು ಊರೊಳಗೆ ಬರುತ್ತಿದ್ದುದು ಒಂದೇ ಬಾಗಿಲಿನಿಂದ, ತಿಂಗಳ ಸಂಬಳವಾಗಿ.

1987ರಲ್ಲಿ ಸುತ್ತಲಿನ ಸುಮಾರು 600 ಚದರ ಕಿ.ಮೀ. ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಗಣಿ ಗುತ್ತಿಗೆಯ ಅವಧಿ 1999ರ ಜುಲೈಗೆ ಮುಗಿಯಿತು, ಆಮೇಲೆ ತಾತ್ಕಾಲಿಕ ಅನುಮತಿಗಳ ಮೇಲೆ ಕೆಲಸ ಸಾಗಿತು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ 2005ರ ಕೊನೆಗೆ ಗಣಿ ನಿಲ್ಲಬೇಕೆಂದಿತು, 2005ರ ಡಿಸೆಂಬರ್ 31ಕ್ಕೆ ನಿಂತಿತು. ಭದ್ರೆಯ ನೀರು, ಗಣಿಯ ತ್ಯಾಜ್ಯಕ್ಕೆಂದು ಕಟ್ಟಿದ ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದ ಹೂಳು, ಶೋಲಾ ಕಾಡು ಎಲ್ಲವನ್ನೂ ಎದುರಿಗಿಟ್ಟುಕೊಂಡರೆ ಗಣಿ ನಿಂತದ್ದು ಸರಿಯೇ. ಇಲ್ಲಿಯ ಚರ್ಚೆ ಅದರ ಬಗ್ಗೆ ಅಲ್ಲ.

ಎಲ್ಲವೂ ಒಂದೇ ಕೈಯಲ್ಲಿ

ಕಂಪನಿ ಊರಿನಲ್ಲಿ ಅಂಗಡಿ ಇಡುವವನಿಗೆ ಮೊದಮೊದಲು ಸ್ವರ್ಗವೇ ಸರಿ. ಮಳಿಗೆ ಕಂಪನಿಯೇ ಕಟ್ಟಿಕೊಡುತ್ತದೆ. ಬಾಡಿಗೆ ಕಡಿಮೆ, ನೀರು ಕರೆಂಟಿಗೆ ತಾಪತ್ರಯವಿಲ್ಲ, ಪೈಪೋಟಿಗೆ ಬರುವ ಮಳಿಗೆಗಳ ಸಂಖ್ಯೆಯನ್ನೂ ಕಂಪನಿಯೇ ನಿಗದಿ ಮಾಡಿರುತ್ತದೆ. ತಿಂಗಳಿಗೊಮ್ಮೆ ಬಟವಾಡೆ. ಮಲೆನಾಡಿನ ಬೇರೆ ಪೇಟೆಗಳಲ್ಲಿ ವ್ಯಾಪಾರ ಅಡಿಕೆ, ಕಾಫಿ ಫಸಲನ್ನು ಕಾದು ಕೂರುತ್ತದೆ. ಇಲ್ಲಿ ಹನ್ನೆರಡು ತಿಂಗಳೂ ನಗದು.

ಕಷ್ಟ ಇರುವುದು ಕಾಗದದಲ್ಲಿ. ಇಂಥ ಮಳಿಗೆಗಳನ್ನು ಸಾಮಾನ್ಯವಾಗಿ ಲೀಸ್‌ಗೆ ಕೊಡುವುದಿಲ್ಲ, ಲೈಸೆನ್ಸ್ ಮೇಲೆ ಕೊಡುತ್ತಾರೆ. ಕೇಳಲು ಎರಡೂ ಒಂದೇ ಥರ. ಲೀಸ್ ಇದ್ದವನಿಗೆ ಆ ಜಾಗದ ಮೇಲೆ ಅಷ್ಟು ಕಾಲದ ಹಕ್ಕು ಹುಟ್ಟುತ್ತದೆ. ಲೈಸೆನ್ಸ್ ಇದ್ದವನಿಗೆ ಅಲ್ಲಿ ಕೂತು ವ್ಯಾಪಾರ ಮಾಡುವ ಅನುಮತಿ ಮಾತ್ರ, ಅದನ್ನು ಹಿಂದಕ್ಕೆ ಪಡೆಯಬಹುದು. ಸಾರ್ವಜನಿಕ ವಲಯದ ಕಂಪನಿಯ ಕಟ್ಟಡವೆಂದರೆ 1971ರ ಸಾರ್ವಜನಿಕ ಆವರಣಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಬಾಡಿಗೆದಾರನಿಗೆ ಪೇಟೆಯಲ್ಲಿ ಸಿಗುವ ರಕ್ಷಣೆ ಇಲ್ಲಿ ಸಿಗುವುದಿಲ್ಲ, ಎಸ್ಟೇಟ್ ಅಧಿಕಾರಿಯೇ ನೋಟಿಸು ಕೊಟ್ಟು, ವಿಚಾರಿಸಿ ತೆರವಿಗೆ ಆದೇಶಿಸಬಹುದು. ಹೀಗಾಗಿ ಇಪ್ಪತ್ತು ವರ್ಷ ಅಂಗಡಿ ನಡೆಸಿದವನಿಗೂ ಮಾರಲು ಮಳಿಗೆ ಇಲ್ಲ, ಮಳಿಗೆ ಬಿಟ್ಟುಕೊಡಲು ಸಿಗುವ ಪಗಡಿ ಹಣ ಇಲ್ಲ, ಬ್ಯಾಂಕಿನಲ್ಲಿ ಅಡ ಇಡಲು ಪತ್ರವಿಲ್ಲ. ಗಳಿಸಿದ್ದನ್ನು ಆತ ಜಾಣನಾದರೆ ಬೇರೆಲ್ಲೋ ಸೈಟಿಗೆ ಹಾಕುತ್ತಾನೆ. ಊರಿನಲ್ಲಿ ಹುಟ್ಟಿದ ಲಾಭ ಊರಿನಲ್ಲಿ ಉಳಿಯುವುದಿಲ್ಲ. ಗಣಿ ನಿಂತ ದಿನ ಅವನನ್ನು ಅಲ್ಲಿ ಕಟ್ಟಿಹಾಕುವ ಒಂದು ಕಲ್ಲೂ ಇರುವುದಿಲ್ಲ.

ಉದ್ರಿ ಪುಸ್ತಕದ ಲೆಕ್ಕ

ಅಂಗಡಿ ಹೇಗೆ ಸಾಯುತ್ತದೆ ಎಂಬುದನ್ನು ಒಂದು ಕೈಲೆಕ್ಕ ಹಾಕಿ ನೋಡಬೇಕು. ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು. ಯಾವುದೇ ಹೋಬಳಿ ಮಟ್ಟದ ದಿನಸಿ ಅಂಗಡಿಯವರು ತಮ್ಮ ಅಂಕಿ ಹಾಕಿ ನೋಡಿಕೊಳ್ಳಬಹುದು, ಫಲಿತಾಂಶದ ರೂಪ ಬದಲಾಗದು.

ದಿನಸಿಯಲ್ಲಿ ಅಕ್ಕಿ, ಸಕ್ಕರೆ, ಎಣ್ಣೆಗೆ ಲಾಭ ತೆಳ್ಳಗೆ. ಸೋಪು, ಬಿಸ್ಕತ್ತಿಗೆ ಸ್ವಲ್ಪ ಹೆಚ್ಚು. ತಾನೇ ತೂಗಿ ಪೊಟ್ಟಣ ಕಟ್ಟುವ ಜೀರಿಗೆ, ಮೆಣಸು, ಬೇಳೆಗೆ ಇನ್ನಷ್ಟು. ಒಟ್ಟು ಸೇರಿಸಿ ನೂರಕ್ಕೆ ಹತ್ತು ಎಂದಿಟ್ಟುಕೊಳ್ಳೋಣ. ತಿಂಗಳ ಖರ್ಚು: ಬಾಡಿಗೆ 3,000, ಕರೆಂಟು 1,500, ಅಂಗಡಿ ಹುಡುಗನಿಗೆ 9,000, ಮೂರು ಲಕ್ಷದ ಮಾಲಿಗೆ ವರ್ಷಕ್ಕೆ ಶೇ. 12ರ ಬಡ್ಡಿಯಂತೆ 3,000, ಸಾಗಾಟಕ್ಕೆ 2,500. ಒಟ್ಟು 19,000. ಮಾಲೀಕನ ಮನೆ ನಡೆಯಲು 16,000. ಎರಡೂ ಸೇರಿ 35,000. ಅಂದರೆ ತಿಂಗಳಿಗೆ ಮೂರೂವರೆ ಲಕ್ಷದ ವ್ಯಾಪಾರ ಆಗಬೇಕು. ಒಂದು ಮನೆಯವರು ಈ ಅಂಗಡಿಯಲ್ಲಿ 3,500 ರೂಪಾಯಿ ಕೊಂಡರೆ ನೂರು ಮನೆ ಬೇಕು.

ಈಗ ನಲವತ್ತು ಮನೆಗಳು ಮಂಗಳೂರಿಗೆ ವರ್ಗವಾಗಿ ಹೋದವು. ಉಳಿದದ್ದು ಅರವತ್ತು. ವ್ಯಾಪಾರ 2 ಲಕ್ಷ 10 ಸಾವಿರಕ್ಕೆ ಇಳಿಯಿತು, ಅದರಲ್ಲಿ ಲಾಭ 21,000. ಖರ್ಚು ಮಾತ್ರ ಅದೇ 19,000. ಮಾಲೀಕನ ಕೈಗೆ ಬಂದದ್ದು 2,000. ಗಿರಾಕಿ ನೂರಕ್ಕೆ ನಲವತ್ತು ಕಡಿಮೆಯಾದರೆ ಗಳಿಕೆ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೊರಗಿನವರು ‘ಇನ್ನೂ ಅರವತ್ತು ಮನೆ ಇದೆಯಲ್ಲ, ಅಂಗಡಿ ಯಾಕೆ ಮುಚ್ಚಿದ’ ಎಂದು ಕೇಳುವುದು ಈ ಲೆಕ್ಕ ಕಾಣದೆ.

ಮುಂದಿನ ಹೆಜ್ಜೆ ಎಲ್ಲ ಕಡೆಯೂ ಒಂದೇ. ಹುಡುಗನನ್ನು ಬಿಡಿಸುತ್ತಾನೆ, 9,000 ಉಳಿಯಿತು. ಆದರೆ ಇನ್ನು ಮಾಲು ತರಲು ಪೇಟೆಗೆ ಹೋದ ದಿನ ಅಂಗಡಿಗೆ ಬೀಗ. ಮಾಲು ಕಡಿಮೆ ಮಾಡುತ್ತಾನೆ, ಬಡ್ಡಿ ಉಳಿಯಿತು. ಆದರೆ ಈಗ ಒಂದೇ ಥರದ ಸೋಪು, ಒಂದೇ ಥರದ ಎಣ್ಣೆ. ಗಿರಾಕಿ ಹೇಗೂ ಕಳಸಕ್ಕೆ ಹೋಗುವುದಿದೆಯಲ್ಲ ಎಂದು ದೊಡ್ಡ ಸಾಮಾನೆಲ್ಲ ಅಲ್ಲೇ ತರುತ್ತಾನೆ. ಇಲ್ಲಿ ಕೊಳ್ಳುವುದು ತಂದದ್ದು ಮುಗಿದಾಗ ಅರ್ಧ ಕೆಜಿ ಸಕ್ಕರೆ, ಒಂದು ಬೆಂಕಿಪೊಟ್ಟಣ. 3,500 ಇದ್ದದ್ದು 1,200ಕ್ಕೆ ಬರುತ್ತದೆ. ಊರು ಬಿಟ್ಟು ಹೋದವರು ಮಾಡಿದ ನಷ್ಟಕ್ಕಿಂತ ಊರಲ್ಲೇ ಉಳಿದವರು ಬೇರೆಡೆ ಕೊಳ್ಳುವುದರಿಂದ ಆಗುವ ನಷ್ಟ ಆಮೇಲಾಮೇಲೆ ದೊಡ್ಡದಾಗುತ್ತದೆ.

ಉದ್ರಿಯದು ಬೇರೆ ಕಥೆ. ಸಂಬಳದ ಊರಿನಲ್ಲಿ ಅಂಗಡಿಯ ಜೀವವೇ ಉದ್ರಿ ಪುಸ್ತಕ. ತಿಂಗಳಿಡೀ ಬರೆಸಿ ಒಯ್ಯುವುದು, ಬಟವಾಡೆಯ ಮರುದಿನ ಚುಕ್ತಾ ಮಾಡುವುದು. ನೂರು ಮನೆಗೂ ಬರೆದುಕೊಡುವ ಅಂಗಡಿಯಲ್ಲಿ ಬಟವಾಡೆಯ ಹಿಂದಿನ ದಿನ ಹೊರಗಿರುವ ಹಣ ಮೂರೂವರೆ ಲಕ್ಷ, ಅಂಗಡಿಯೊಳಗಿರುವ ಮಾಲಿಗಿಂತ ಹೆಚ್ಚು! ಇದಕ್ಕೆ ಆಧಾರ ಕಂಪನಿ ಸಂಬಳ ಕೊಡುತ್ತದೆ ಎಂಬ ನಂಬಿಕೆ ಒಂದೇ. ಹೊರಟ ನಲವತ್ತು ಮನೆಗಳಲ್ಲಿ ನಾಲ್ವರು ಮಾತ್ರ ‘ಹೋಗಿ ಕಳಿಸುತ್ತೇನೆ’ ಎಂದು ಹೇಳಿ ಕಳಿಸದಿದ್ದರೂ 14,000 ಹೋಯಿತು. ಅದು ಆ ಅಂಗಡಿಯ ಏಳು ತಿಂಗಳ ಗಳಿಕೆ. ಆಗ ಅಂಗಡಿಯವನು ಉದ್ರಿ ನಿಲ್ಲಿಸುತ್ತಾನೆ. ನಿಲ್ಲಿಸಿದ ತಿಂಗಳೇ ಗಿರಾಕಿಗೆ ಇಲ್ಲಿಗೇ ಬರಬೇಕೆಂಬ ಬಂಧವೂ ಕಡಿಯುತ್ತದೆ. ನಗದು ಕೊಡುವುದೇ ಆದರೆ ಕಳಸದಲ್ಲಿ ಎರಡು ರೂಪಾಯಿ ಕಡಿಮೆಗೆ ಸಿಗುತ್ತದೆಯಲ್ಲ.

ಇನ್ನೊಂದು ಕಡೆಯಿಂದಲೂ ಹಗ್ಗ ಬಿಗಿಯಾಗುತ್ತದೆ. ಸೋಪು, ಬಿಸ್ಕತ್ತು, ಚಹಾಪುಡಿಯ ಏಜೆನ್ಸಿಯವರ ಲೈನ್ ಗಾಡಿ ವಾರಕ್ಕೊಮ್ಮೆ ಒಂದು ದಾರಿ ಹಿಡಿಯುತ್ತದೆ. ಆ ದಾರಿಯಲ್ಲಿ ಇಷ್ಟು ಆರ್ಡರ್ ಸಿಕ್ಕರೆ ಮಾತ್ರ ಡೀಸೆಲ್ ಗಿಟ್ಟುತ್ತದೆ. ಒಂದು ಊರಿನ ಹತ್ತು ಅಂಗಡಿಗಳಲ್ಲಿ ಆರು ಮುಚ್ಚಿದರೆ ಉಳಿದ ನಾಲ್ಕಕ್ಕಾಗಿ ಗಾಡಿ ಘಾಟಿ ಹತ್ತುವುದಿಲ್ಲ. ಆಗ ಬದುಕಿರುವ ಅಂಗಡಿಯವನು ತಾನೇ ಹೋಗಿ ಪೇಟೆಯ ಹೋಲ್‌ಸೇಲ್ ಅಂಗಡಿಯಲ್ಲಿ ತರಬೇಕು. ಏಜೆನ್ಸಿಯ ರೇಟು, ಸ್ಕೀಮು, ಅವಧಿ ಮುಗಿದ ಮಾಲು ವಾಪಸ್ ತೆಗೆದುಕೊಳ್ಳುವ ಅನುಕೂಲ ಮೂರೂ ತಪ್ಪುತ್ತವೆ. ಪಕ್ಕದ ಅಂಗಡಿ ಮುಚ್ಚಿದರೆ ತನಗೆ ಲಾಭ ಎಂದುಕೊಂಡವನಿಗೆ ಸಿಗುವ ಮೊದಲ ಪೆಟ್ಟು ಇದು.

ಮುಚ್ಚುವ ಸರದಿಗೂ ಒಂದು ಕ್ರಮವಿದೆ. ಸಂಬಳದಲ್ಲಿ ಮಿಕ್ಕ ಹಣದಿಂದ ನಡೆಯುವ ಜವಳಿ, ಫೋಟೊ ಸ್ಟುಡಿಯೊ, ಫ್ಯಾನ್ಸಿ ಸ್ಟೋರು ಮೊದಲು. ಶಾಲೆಯ ಮಕ್ಕಳು ಕಡಿಮೆಯಾದಂತೆ ಪುಸ್ತಕ, ಯೂನಿಫಾರಂ, ದರ್ಜಿ. ಆಮೇಲೆ ತರಕಾರಿ, ಏಕೆಂದರೆ ಅದು ದಿನಕ್ಕೇ ಕೊಳೆಯುತ್ತದೆ, ಅರ್ಧ ಮಾರಿದರೆ ಉಳಿದರ್ಧ ಗೊಬ್ಬರ. ದಿನಸಿ ತಡವಾಗಿ. ಚಹಾ ಅಂಗಡಿ ಎಲ್ಲಕ್ಕಿಂತ ಕೊನೆಗೆ, ಕೆಲವೆಡೆ ಎಂದೂ ಇಲ್ಲ: ಅದಕ್ಕೆ ಊರಿನ ಮನೆಗಳು ಬೇಕಿಲ್ಲ, ದಾರಿಯ ವಾಹನ ಸಾಕು. ಟೌನ್‌ಶಿಪ್ಪಿನಲ್ಲಿ ಇಂದು ಕಾಣುವ ವ್ಯಾಪಾರ ಹೆಚ್ಚಾಗಿ ಈ ಜಾತಿಯದು, ಕರಾವಳಿಯಿಂದ ಹೊರನಾಡು, ಕಳಸಕ್ಕೆ ಹೋಗುವವರನ್ನು ನಂಬಿದ್ದು.

ಮಳೆ

ಬಯಲುಸೀಮೆಯ ವ್ಯಾಪಾರಿಗೆ ಅರ್ಥವಾಗದ ಖರ್ಚು ಇದು. ಇಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಉಪ್ಪಿನ ಚೀಲದ ಕೆಳಗೆ ನೀರು ನಿಲ್ಲುತ್ತದೆ. ಬೆಲ್ಲ ಬೆವರಿ ಅಚ್ಚು ಕರಗುತ್ತದೆ. ಬೆಂಕಿಕಡ್ಡಿಯ ಮದ್ದು ಪೆಟ್ಟಿಗೆಗೆ ಅಂಟುತ್ತದೆ, ಗೀರಿದರೆ ತಲೆ ಮುರಿಯುತ್ತದೆ ಹೊರತು ಹತ್ತುವುದಿಲ್ಲ. ಹಪ್ಪಳ, ಒಣಮೆಣಸಿನಕಾಯಿಗೆ ಬೂಸ್ಟು. ನೋಟ್‌ಬುಕ್ಕುಗಳು ಅಂಚಿನಲ್ಲಿ ಉಬ್ಬಿ ಒಂದರ ಮೇಲೊಂದು ಕೂರುವುದಿಲ್ಲ. ಇದಕ್ಕೆ ಅನುಭವಸ್ಥರ ಉಪಾಯ ಹಳೆಯದೇ: ಮಾಲು ನೆಲಕ್ಕೂ ಗೋಡೆಗೂ ತಾಗದಂತೆ ಅಟ್ಟಣಿಗೆಯ ಮೇಲೆ, ಅಕ್ಕಿ ಬೇಳೆ ಮುಚ್ಚಳದ ತಗಡಿನ ಡ್ರಮ್ಮಿನಲ್ಲಿ, ಬೆಂಕಿಪೊಟ್ಟಣ, ಬೀಡಿ, ಬಿಸ್ಕತ್ತು ಗಾಜಿನ ಕಪಾಟಿನಲ್ಲಿ, ಕಪಾಟಿನೊಳಗೆ ಹಗಲೂ ರಾತ್ರಿ ಒಂದು ಬಲ್ಬು. ಆ ಬಲ್ಬು ಹಳೆಯ ಕಾಲದ ಬಿಸಿಯಾಗುವ ಬಲ್ಬೇ ಆಗಬೇಕು, ಎಲ್‌ಇಡಿ ಹಾಕಿದರೆ ಬೆಳಕು ಬರುತ್ತದೆ, ತೇವ ಹೋಗುವುದಿಲ್ಲ. ಕರೆಂಟು ಎರಡು ದಿನ ಕೈಕೊಟ್ಟರೆ ಈ ಏರ್ಪಾಡೂ ಕೆಟ್ಟಿತು. ಗಣಿ ನಡೆಯುವಾಗ ಕರೆಂಟು ಹೋದರೆ ಕಂಪನಿಗೇ ನಷ್ಟವಾದ್ದರಿಂದ ರಿಪೇರಿ ತಕ್ಷಣ ಆಗುತ್ತಿತ್ತು. ಕಂಪನಿ ಹೋದ ಮೇಲೆ ಮುರಿದ ಮರದಡಿಯ ತಂತಿಗೆ ಅಂಥ ತುರ್ತು ಯಾರಿಗೂ ಇರುವುದಿಲ್ಲ.

ಮಳೆಗಾಲದ ನಾಲ್ಕು ತಿಂಗಳಿಗೆ ಬೇಕಾದ ಮಾಲನ್ನು ಮೇ ತಿಂಗಳಲ್ಲೇ ತುಂಬಿಡುವುದು ಮಲೆನಾಡಿನ ರೂಢಿ. ಹಾಗೆ ತುಂಬಲು ಬಂಡವಾಳ ಬೇಕು, ತುಂಬಿದ್ದು ಕೆಡದಂತೆ ಗಟ್ಟಿ ಮಾಡು (ಸೂರು) ಬೇಕು. ಟೌನ್‌ಶಿಪ್ಪಿನ ಹಳೆಯ ಕಟ್ಟಡ ಸೋರಲು ಶುರುವಾದರೆ ರಿಪೇರಿ ಯಾರ ಹೊಣೆ? ಲೈಸೆನ್ಸ್ ಮೇಲೆ ಕೂತವನು ಯಾರದೋ ಮಾಡಿಗೆ ತನ್ನ ಹಣ ಹಾಕುವುದಿಲ್ಲ. ಬಿಟ್ಟುಹೋದ ಒಡೆಯ ಹಾಕುವುದಿಲ್ಲ. ಇಂಥ ಮಳೆಯಲ್ಲಿ ಎರಡು ಮೂರು ವರ್ಷ ಬಿಟ್ಟ ಮಾಡಿನ ಕೆಳಗೆ ಅಂಗಡಿ ಇಡಲು ಬರುವುದಿಲ್ಲ.

ಔಷಧಿ ಅಂಗಡಿ ಯಾಕಿಲ್ಲ

ಊರವರು ಮೊದಲು ಕೇಳುವುದು ಇದನ್ನೇ. ಔಷಧಿ ಅಂಗಡಿಗೆ ಕನಿಷ್ಠ 10 ಚದರ ಮೀಟರ್ ಜಾಗ, ಆ ಜಾಗದ ದಾಖಲೆ, ಫ್ರಿಜ್, ನೋಂದಾಯಿತ ಫಾರ್ಮಸಿಸ್ಟ್ ಬೇಕು. ಆಮೇಲೆ ನಮೂನೆ 20 ಮತ್ತು 21ರ ಲೈಸೆನ್ಸು. ಬೆಲೆ ನಿಯಂತ್ರಣದ ಪಟ್ಟಿಯಲ್ಲಿರುವ ಔಷಧಿಗೆ ಚಿಲ್ಲರೆಯವನ ಲಾಭ ಶೇ. 16, ಉಳಿದದ್ದಕ್ಕೆ ರೂಢಿಯಲ್ಲಿ ಶೇ. 20. ಸರಾಸರಿ 18 ಎನ್ನೋಣ. ಫಾರ್ಮಸಿಸ್ಟ್‌ಗೆ 20,000 ಸಂಬಳವಾದರೆ ಅದೊಂದಕ್ಕೇ ತಿಂಗಳಿಗೆ 1 ಲಕ್ಷ 11 ಸಾವಿರದ ವ್ಯಾಪಾರ ಬೇಕು. ಬಾಡಿಗೆ, ಕರೆಂಟು, ಮಾಲೀಕನ ಊಟ ಇನ್ನೂ ಬಂದಿಲ್ಲ. ಅದಕ್ಕೇ ಸಣ್ಣ ಊರುಗಳಲ್ಲಿ ಔಷಧಿ ಅಂಗಡಿ ನಿಲ್ಲುವುದು ಮಾಲೀಕನೋ ಅವನ ಹೆಂಡತಿಯೋ ಫಾರ್ಮಸಿ ಓದಿದ್ದರೆ ಮಾತ್ರ.

ಅದಕ್ಕಿಂತ ದೊಡ್ಡದು ಚೀಟಿಯ ಪ್ರಶ್ನೆ. ಡಾಕ್ಟರು ಚೀಟಿ ಬರೆಯದೆ ಔಷಧಿ ಮಾರಾಟವಾಗದು. ಕಂಪನಿ ಊರುಗಳಲ್ಲಿ ನೌಕರರಿಗೆ ಆಸ್ಪತ್ರೆಯಲ್ಲೇ ಔಷಧಿ ಸಿಗುವುದು ವಾಡಿಕೆ, ಹಾಗಾಗಿ ಒಳ್ಳೆಯ ಕಾಲದಲ್ಲೂ ಖಾಸಗಿ ಕ್ಲಿನಿಕ್, ಮೆಡಿಕಲ್ ಸ್ಟೋರು ಬೇರು ಬಿಡುವುದಿಲ್ಲ. ಕಂಪನಿ ಎದ್ದು ಹೋದಾಗ ಆಸ್ಪತ್ರೆಯ ಜಾಗ ತುಂಬಲು ಯಾರೂ ಕಾದಿರುವುದಿಲ್ಲ. ಶಾಲೆ, ಕ್ಯಾಂಟೀನು, ಬಸ್ಸು ಎಲ್ಲದರದೂ ಇದೇ ಪಾಡು. ಒಳ್ಳೆಯ ಯಜಮಾನನೇ ಮುಂದೆ ಬರಬಹುದಾದ ವ್ಯಾಪಾರಕ್ಕೆ ಅಡ್ಡಗೋಡೆಯಾದ. ಅದನ್ನು ಅವನ ತಪ್ಪು ಎನ್ನಲೂ ಆಗದು.

ಬ್ಯಾಂಕಿನದು ಹೆಚ್ಚು ಹೇಳಬೇಕಿಲ್ಲ. ಸಂಬಳದ ಖಾತೆಗಳು ಹೋದರೆ ಠೇವಣಿ ಹೋಯಿತು, ಜಾಗದ ಪತ್ರವಿಲ್ಲದ ಊರಲ್ಲಿ ಸಾಲವೂ ಹುಟ್ಟುವುದಿಲ್ಲ.

ಕೋರ್ಟು ಕೊಟ್ಟ ಮೂರು ವರ್ಷ

2002ರ ಅಕ್ಟೋಬರ್‌ನಿಂದ 2005ರ ಡಿಸೆಂಬರ್‌ವರೆಗೆ ಮೂರು ವರ್ಷಕ್ಕೂ ಮೀರಿದ ಗಡುವಿತ್ತು. ಗಣಿ ಮುಚ್ಚುವ ಊರಿಗೆ ಇಷ್ಟು ಮುನ್ಸೂಚನೆ ಸಿಗುವುದು ಅಪರೂಪ. ಕಾಯಂ ನೌಕರರಿಗೆ ಅದಿರಿನ ಪುಡಿಯನ್ನು ಉಂಡೆ (ಪೆಲೆಟ್) ಕಟ್ಟುವ ಮಂಗಳೂರಿನ ಕಾರ್ಖಾನೆ ಇತ್ತು; ಹೊರಗಿನಿಂದ ಅದಿರು ತರಿಸಿ ಅದು ಮುಂದುವರಿಯಿತು. ಕಾರ್ಖಾನೆ ಮುಚ್ಚಿದರೆ ಕಾರ್ಮಿಕನಿಗೆ ಸೇವೆ ಮಾಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ವೇತನ ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯ್ದೆ ಹೇಳುತ್ತಿತ್ತು. ಅದೇ ಕಾರ್ಮಿಕನಿಗೆ ಇಪ್ಪತ್ತು ವರ್ಷ ಉದ್ರಿ ಕೊಟ್ಟ ಅಂಗಡಿಯವನು, ಅವನ ಬಟ್ಟೆ ಹೊಲಿದ ದರ್ಜಿ, ಕ್ಷೌರದವನು, ಹಾಲಿನವನು ಆ ಕಾಯ್ದೆಯ ಯಾವ ಕಲಮಿನಲ್ಲೂ ಇಲ್ಲ. ಗಣಿ ಮುಚ್ಚುವ ಯೋಜನೆ ಎಂದರೆ ಗುಂಡಿ, ಅಣೆಕಟ್ಟು, ಯಂತ್ರ, ನೌಕರ. ಪೇಟೆ ಯಾರ ಕಡತದಲ್ಲೂ ಇರುವುದಿಲ್ಲ.

ಆ ಮೂರು ವರ್ಷದಲ್ಲಿ ಆಗಬೇಕಿದ್ದ ಕೆಲಸ ಒಂದೇ: ಟೌನ್‌ಶಿಪ್ಪಿನ ಯಾವ ಭಾಗ ಉಳಿಯುತ್ತದೆ, ಯಾವುದನ್ನು ಕೆಡವಿ ಕಾಡಿಗೆ ಬಿಡುತ್ತಾರೆ, ಉಳಿಯುವ ಭಾಗದ ಒಡೆಯ ಯಾರು ಎಂಬ ತೀರ್ಮಾನ. ಅದಾಗಲಿಲ್ಲ. ಪರಿಸರ ಪ್ರವಾಸೋದ್ಯಮ ಮಾಡುತ್ತೇವೆಂದು ಕಂಪನಿ, ಜಾಗ ಕಾಡಿನದೆಂದು ಅರಣ್ಯ ಇಲಾಖೆ; ವಿಷಯ ವರ್ಷಗಟ್ಟಲೆ ಎಳೆದಾಡಿತು. ಎರಡರಲ್ಲಿ ಯಾವ ತೀರ್ಮಾನವಾಗಿದ್ದರೂ ಸುತ್ತಲಿನ ವ್ಯಾಪಾರಿ ತನ್ನ ದಾರಿ ನೋಡಿಕೊಳ್ಳುತ್ತಿದ್ದ. ತೀರ್ಮಾನವಿಲ್ಲದ ಜಾಗದಲ್ಲಿ ಮಾತ್ರ ಯಾರೂ ಹಣ ಹಾಕುವುದಿಲ್ಲ.

ಕೋಲಾರದ ಚಿನ್ನದ ಗಣಿಯ ಜೊತೆ ಹೋಲಿಸಿದರೆ ಇದು ಇನ್ನಷ್ಟು ಸ್ಪಷ್ಟ. ಅಲ್ಲಿಯ ಗಣಿ 2001ರ ಫೆಬ್ರವರಿ 28ಕ್ಕೆ, ಇದಕ್ಕಿಂತ ಮೊದಲೇ ಮುಚ್ಚಿತು. ಅಲ್ಲಿಯ ಕಷ್ಟ ಇದಕ್ಕಿಂತ ಸಣ್ಣದೇನಲ್ಲ, ಕಾರ್ಮಿಕರ ಲೈನ್ ಮನೆಗಳ ಹಕ್ಕಿನ ಜಗಳ ವರ್ಷಗಟ್ಟಲೆ ನಡೆದಿದೆ. ಆದರೂ ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆ ನಿಂತಿತು. ಅದು ನಗರಸಭೆಯ ಊರು, ಅಂಗಡಿಯವರಿಗೆ ಸ್ವಂತ ಜಾಗ, ಖಾತೆ ಇತ್ತು. 1964ರಿಂದ ಬೆಮೆಲ್ ಕಾರ್ಖಾನೆ ಎಂಬ ಎರಡನೆಯ ಸಂಬಳದ ಬಾಗಿಲಿತ್ತು. ಮಾರಿಕುಪ್ಪಂನಿಂದ ಬಂಗಾರಪೇಟೆ ಮೂಲಕ ಬೆಂಗಳೂರಿಗೆ ರೈಲಿತ್ತು. ಮುಂಜಾನೆ ಹತ್ತಿ ರಾತ್ರಿ ಇಳಿಯುವ ಸಾವಿರಾರು ಜನ ಬೆಂಗಳೂರಿನಲ್ಲಿ ದುಡಿದು ತಮ್ಮೂರಲ್ಲಿ ಕೊಂಡರು. ಕುದುರೆಮುಖಕ್ಕೆ ಈ ಮೂರರಲ್ಲಿ ಒಂದೂ ಇರಲಿಲ್ಲ. ಮಂಗಳೂರಿಗೆ ದಿನಾ ಹೋಗಿ ಬರುವ ದೂರವಲ್ಲ, ಘಾಟಿ ಇಳಿದವನು ಸಂಸಾರವನ್ನೂ ಇಳಿಸಿಕೊಂಡ.

ಇವತ್ತು ಯಾಕೆ ಬರುವುದಿಲ್ಲ

ಕುದುರೆಮುಖ ಶಿಖರಕ್ಕೆ ಚಾರಣ ಹೋಗುವವರು ಟೌನ್‌ಶಿಪ್ಪಿಗೆ ಬರಲೇಬೇಕೆಂದಿಲ್ಲ. ಹತ್ತುವ ದಾರಿ ಸಂಸೆಯ ಕಡೆಯ ಮುಳ್ಳೋಡಿಯಿಂದ. ಅಲ್ಲಿ ಅಡಿಕೆ ತೋಟದ ನಡುವೆ ರೈತರ ಹಿಡುವಳಿ ಜಮೀನಿದೆ, ಪಹಣಿ ಇದೆ. ತಲೆತಲಾಂತರದ ಮನೆಗೆ ಎರಡು ಕೋಣೆ ಸೇರಿಸಿ, ಸ್ನಾನಕ್ಕೆ ಹಂಡೆ ಇಟ್ಟರೆ ಹೋಂಸ್ಟೇ ಆಯಿತು. ಮಳೆಗಾಲದಲ್ಲಿ ಜನ ಬರದಿದ್ದರೂ ತೋಟ ಇದೆ, ಬಾಡಿಗೆ ಕಟ್ಟುವುದಿಲ್ಲ. ಅರಣ್ಯ ಇಲಾಖೆ ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿ ಆನ್‌ಲೈನ್ ಬುಕಿಂಗ್ ಮಾಡಿದರೂ ಅವರು ತಡೆದುಕೊಳ್ಳುತ್ತಾರೆ.

ಟೌನ್‌ಶಿಪ್ಪಿನ ಒಂದು ಖಾಲಿ ಮನೆಯಲ್ಲಿ ಅದೇ ವ್ಯಾಪಾರ ಮಾಡಬೇಕೆಂದು ಹೊರಟವನು ಏನೇನು ದಾಟಬೇಕು ನೋಡಿ. ಮೊದಲು ಪಂಚಾಯಿತಿ ಲೈಸೆನ್ಸು: ಅದಕ್ಕೆ ಜಾಗದ ದಾಖಲೆ ಕೇಳುತ್ತಾರೆ. ಗ್ರಾಮೀಣ ಸ್ವತ್ತಾದರೆ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9, 11. ಗಣಿಗೆ ಗುತ್ತಿಗೆ ಕೊಟ್ಟ, ಕಾಡಿನದೆಂದು ಅರಣ್ಯ ಇಲಾಖೆ ಹೇಳುವ ಜಾಗದ ಮನೆಗೆ ಅದು ಹುಟ್ಟುವುದಿಲ್ಲ. ಇಲ್ಲದಿದ್ದರೆ ಒಡೆಯನ ಒಪ್ಪಿಗೆ ಪತ್ರ. ಒಡೆಯ ಯಾರೆಂಬುದೇ ತಗಾದೆ. ಅರಣ್ಯ ಜಾಗವನ್ನು ಬೇರೆ ಕೆಲಸಕ್ಕೆ ಬಳಸಲು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಅನುಮತಿ ಬೇಕು. ಗಣಿಗೆಂದು ಕೊಟ್ಟ ಅನುಮತಿ ವಸತಿಗೃಹಕ್ಕೆ ಒದಗುವುದಿಲ್ಲ. ಕರೆಂಟು ಮೀಟರು, ಆಹಾರ ಸುರಕ್ಷತೆಯ ನೋಂದಣಿ, ಮುದ್ರಾ ಸಾಲ ಎಲ್ಲವೂ ಕೊನೆಗೆ ಅದೇ ಜಾಗದ ಕಾಗದಕ್ಕೆ ಬಂದು ನಿಲ್ಲುತ್ತವೆ. ಒಂದು ಕಾಗದ ಇಲ್ಲದ್ದರಿಂದ ಐದು ಕಾಗದ ಸಿಗುವುದಿಲ್ಲ.

ಇನ್ನು ಗಿರಾಕಿಯ ಕಡೆಯಿಂದ. ಉದ್ಯಾನದ ರಸ್ತೆಗೆ ಚೆಕ್‌ಪೋಸ್ಟಿನಲ್ಲಿ ಹೊತ್ತು ಬರೆದ ಚೀಟಿ ಕೊಡುತ್ತಾರೆ, ನಡುದಾರಿಯಲ್ಲಿ ನಿಲ್ಲಿಸುವಂತಿಲ್ಲ. ಕಾಡಿಗೆ ಬೇಕಾದ ನಿಯಮವೇ. ಆದರೆ ಕೈಯಲ್ಲಿ ಗಡಿಯಾರದ ಚೀಟಿ ಹಿಡಿದವನು ಊಟಕ್ಕೆ ಕಳಸ ಮುಟ್ಟೋಣ ಎನ್ನುತ್ತಾನೆ, ಇಲ್ಲಿ ಇಳಿದು ಮಳಿಗೆ ನೋಡುವುದಿಲ್ಲ. ಉದ್ಯಾನದೊಳಗಿನ ಒಕ್ಕಲುಗಳಲ್ಲಿ ಒಂದಷ್ಟು ಕುಟುಂಬಗಳು ಪರಿಹಾರ ಪಡೆದು ಸ್ವಇಚ್ಛೆಯಿಂದ ಹೊರಗೆ ಹೋಗಿವೆ. ವಾರಕ್ಕೊಮ್ಮೆ ಸಾಮಾನಿಗೆ ಬರುತ್ತಿದ್ದ ಹಳ್ಳಿಯ ಗಿರಾಕಿಯೂ ಹಾಗೆ ಕಡಿಮೆಯಾದ.

ಏನು ನಡೆದೀತು

ಇಂಥ ಊರಿನಲ್ಲಿ ಅಂಗಡಿ ಇಡುವ ಯೋಚನೆ ಇರುವವರು ಮತದಾರರ ಪಟ್ಟಿ, ಪಡಿತರ ಚೀಟಿಗಳ ಸಂಖ್ಯೆ ನಂಬಬಾರದು, ಹೋದವರ ಹೆಸರೂ ಅಲ್ಲೇ ಇರುತ್ತದೆ. ಜುಲೈ ತಿಂಗಳ ಒಂದು ವಾರದ ದಿನ ರಾತ್ರಿ ಎಂಟಕ್ಕೆ ಬೀದಿ ಸುತ್ತಿ ದೀಪ ಉರಿಯುವ ಮನೆ ಎಣಿಸಬೇಕು. ಶನಿವಾರ ಎಣಿಸಿದರೆ ಲೆಕ್ಕ ತಪ್ಪುತ್ತದೆ, ಬೇಸಿಗೆಯಲ್ಲಿ ಎಣಿಸಿದರೆ ಇನ್ನೂ ತಪ್ಪುತ್ತದೆ. ಎಣಿಸಿದ ಮನೆ ನೂರರ ಹತ್ತಿರ ಬಾರದಿದ್ದರೆ ಕಾಯಂ ದಿನಸಿ ಅಂಗಡಿಯ ಯೋಚನೆ ಬಿಡುವುದು ಒಳ್ಳೆಯದು.

ಲೆಕ್ಕಕ್ಕೆ ಒಗ್ಗುವುದು ಗಾಡಿ ಅಂಗಡಿ. ಕಳಸದಲ್ಲಿ ಈಗಾಗಲೇ ಅಂಗಡಿ ಇರುವವರು ವಾರಕ್ಕೆ ಎರಡು ಸಲ ಪಿಕಪ್‌ನಲ್ಲಿ ಸಾಮಾನು ತಂದರೆ ಹೋಗಿ ಬರಲು 40 ಕಿ.ಮೀ., ಘಾಟಿಯಲ್ಲಿ ಲೀಟರಿಗೆ 12 ಕಿ.ಮೀ. ಎಂದರೂ ಒಂದು ಸಲಕ್ಕೆ ಮೂರೂವರೆ ಲೀಟರ್ ಡೀಸೆಲ್ ಸಾಕು. ತಿಂಗಳಿಗೆ ಎಂಟು ಸಲಕ್ಕೆ ಡೀಸೆಲ್ 2,600, ಗಾಡಿಯವನಿಗೆ ದಿನಕ್ಕೆ 700ರಂತೆ 5,600. ಒಟ್ಟು 8,200. ನೂರಕ್ಕೆ ಹತ್ತರ ಲಾಭದಲ್ಲಿ 82,000ದ ವ್ಯಾಪಾರವಾದರೆ ಖರ್ಚು ಹುಟ್ಟಿತು, ಅಂದರೆ 24 ಮನೆ. ಕಾಯಂ ಅಂಗಡಿಗೆ ನೂರು ಬೇಕಿದ್ದಲ್ಲಿ ಗಾಡಿಯ ಖರ್ಚಿಗೆ ಇಷ್ಟು ಸಾಕು, ಅದರ ಮೇಲಿನ ವ್ಯಾಪಾರದ ಲಾಭವೆಲ್ಲ ಮಾಲೀಕನ ಕೈಗೆ. ಮಾಲು ಇಲ್ಲಿ ಮಲಗುವುದಿಲ್ಲ, ಬೂಸ್ಟು ಹಿಡಿಯುವುದಿಲ್ಲ, ಜಾಗದ ಕಾಗದ ಬೇಕಿಲ್ಲ. ಉಳಿದದ್ದು ಮರಳಿ ಕಳಸದ ಅಂಗಡಿಗೆ. ಉದ್ರಿ ಮಾತ್ರ ಒಂದು ಸಲದ್ದನ್ನು ಮುಂದಿನ ಸಲ ತೀರಿಸುವ ಷರತ್ತಿನ ಮೇಲೆ ಕೊಡಬೇಕು. ತಿಂಗಳ ಉದ್ರಿ ಕೊಟ್ಟರೆ ಗಾಡಿಯೂ ಅಂಗಡಿಯ ದಾರಿಯನ್ನೇ ಹಿಡಿಯುತ್ತದೆ. ಅಕ್ಕಿ, ಎಣ್ಣೆಯಂಥ ಭಾರದ ಸಾಮಾನಿಗೆ ಹಿಂದಿನ ಸಲವೇ ಚೀಟಿ ಪಡೆದು ಬಂದರೆ ಗಾಡಿ ಸುಮ್ಮನೆ ಹೊತ್ತು ತಿರುಗುವುದು ತಪ್ಪುತ್ತದೆ.

ಗಾಡಿಗೆ ಆಗದ ಕೆಲಸಗಳೂ ಇವೆ. ಘಾಟಿಯಲ್ಲಿ ಮರ ಬಿದ್ದ ವಾರ ಅದು ಬರುವುದಿಲ್ಲ. ಮಗುವಿಗೆ ರಾತ್ರಿ ಜ್ವರ ಬಂದರೆ ಮಾತ್ರೆ ಕೊಡುವುದಿಲ್ಲ. ಬುಧವಾರ ಬಂದುಹೋದ ಮೇಲೆ ಗುರುವಾರ ಉಪ್ಪು ಮುಗಿದರೆ ಶನಿವಾರದವರೆಗೆ ಪಕ್ಕದ ಮನೆಯ ಕದ ತಟ್ಟಬೇಕು, ಪಕ್ಕದ ಮನೆಯಲ್ಲಿ ಯಾರಾದರೂ ಇದ್ದರೆ.